ವಿಮಾನ ಹಾರಿತು ಅಂತ ಚಪ್ಪಾಳೆ ತಟ್ಟುವ ಮೊದಲು...

ಹೋದ ತಿಂಗಳು ಇಲ್ಲಿ ಹಾಕಿದ್ದ "ನಮ್ಮೂರ ಹುಡುಗನ ವಿಮಾನ" ಅನ್ನುವ ಬರಹವನ್ನು ತೆಗೆದುಹಾಕಿದ್ದೇನೆ. ಎಲ್ಲಿ ಹೋಯಿತು ಅಂತ ಮೂರ್ನಾಲ್ಕು ಜನ ಮೇಲ್ ಮಾಡಿ ಕೇಳಿದಿರಿ. ಅದಕ್ಕೆ ಉತ್ತರ ಇದು. ಸ್ವಲ್ಪ ಉದ್ದವಾಗಿದೆ, ಸ್ವಲ್ಪ ಖಾರವೂ ಆಗಿದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಆ ಬರಹ ಓದದವರಿಗಾಗಿ ಕಥೆ ಇಷ್ಟು. ನಮ್ಮ ರಾಮಕುಂಜದ ಆಚೀಚೆಯ ಹುಡುಗನೊಬ್ಬ, ಡಿಪ್ಲೊಮಾ ಮುಗಿಸಿ ಅಪ್ಪನ ಅಡಿಕೆ ತೋಟ ನೋಡಿಕೊಂಡಿರುವವನು, ಮೂರು ವರ್ಷ ಕೊಟ್ಟಿಗೆಯ ಹಿಂದಿನ ಶೆಡ್ಡಿನಲ್ಲಿ ಕೂತು ಒಂದು ಸಣ್ಣ ವಿಮಾನ ಕಟ್ಟಿದ. ಅಲ್ಯೂಮಿನಿಯಂ ಪೈಪು, ಬಟ್ಟೆಯ ರೆಕ್ಕೆ, ಒಬ್ಬನೇ ಕೂರುವ ಸೀಟು, ಎಲ್ಲಿಂದಲೋ ತಂದ ಹಳೇ ಟೂ-ಸ್ಟ್ರೋಕ್ ಇಂಜಿನ್. ಹೆಸರು ಹೇಳುವುದಿಲ್ಲ, ಊರೂ ಸರಿಯಾಗಿ ಹೇಳುವುದಿಲ್ಲ. ಅವನು ನನ್ನನ್ನು ಮಾವ ಅಂತ ಕರೆಯುತ್ತಾನೆ, ಅಷ್ಟು ಸಾಕು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಪದವಿಗೆ ತಂದು ಓಡಿಸಿದ. (ಘಟ್ಟದ ಮೇಲಿನವರಿಗೆ: ಪದವು ಅಂದರೆ ಮುರಕಲ್ಲಿನ ಬೋಳು ಮೈದಾನ. ನಮ್ಮ ಕಡೆ ಸಮತಟ್ಟು ನೆಲ ಅಂತ ಇರುವುದು ಅದೊಂದೇ.) ವಿಮಾನ ನೆಲ ಬಿಟ್ಟಿತು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಅದು ಜಿಲ್ಲೆಯ ಎಲ್ಲಾ ವಾಟ್ಸಾಪ್ ಗುಂಪುಗಳಿಗೂ ತಲುಪಿತ್ತು. ನಾನೂ ಎದೆ ಉಬ್ಬಿಸಿ ಬರೆದೆ. ನೀವೂ "ಸೂಪರ್ ಸಾರ್", "ಹಳ್ಳಿ ಪ್ರತಿಭೆ ಅಂದ್ರೆ ಇದು", "ಅಮೆರಿಕದಲ್ಲಿ ಹುಟ್ಟಿದ್ರೆ ಎಲ್ಲೋ ಇರ್ತಿದ್ದ" ಅಂತೆಲ್ಲ ಕಮೆಂಟಿಸಿದಿರಿ.

ನೀವು ನೋಡಿದ ಆ ವಿಡಿಯೋ ಹತ್ತೊಂಬತ್ತು ಸೆಕೆಂಡಿನದು. ನಿಜವಾದ ವಿಡಿಯೋ ಮೂವತ್ತು ಸೆಕೆಂಡಿನದು.

ಉಳಿದ ಹನ್ನೊಂದು ಸೆಕೆಂಡನ್ನು ನಾನು ನೋಡಿದ್ದು ಒಂದು ವಾರದ ನಂತರ, ಹುಡುಗನ ತಂಗಿಯ ಮೊಬೈಲಿನಲ್ಲಿ. ವಿಮಾನ ಎರಡು ತೆಂಗಿನ ಮರದ ಎತ್ತರಕ್ಕೆ ಹೋಗಿದೆ. ಅಲ್ಲಿ ಇಂಜಿನ್ನಿನ ಸ್ವರ ಇಳಿಯುತ್ತದೆ. ಗಮನಿಸಿ, ನಿಲ್ಲುವುದಿಲ್ಲ, ಇಳಿಯುತ್ತದೆ. ಕೆಮ್ಮುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಕೆಮ್ಮುತ್ತದೆ. ಮೂಗು ಮಾತ್ರ ಆಕಾಶ ನೋಡಿಕೊಂಡೇ ಇದೆ. ನಂತರ ಎಡಕ್ಕೆ ವಾಲುತ್ತದೆ, ಹೊರಟಲ್ಲಿಗೇ ತಿರುಗಿ ಬರಲು. ಪುಣ್ಯಕ್ಕೆ ತಿರುವು ಪೂರ್ತಿಯಾಗಲಿಲ್ಲ. ಇಂಜಿನ್ ಒಮ್ಮೆ ಸರಿಯಾಗಿ ಎಳೆಯಿತು, ರೆಕ್ಕೆ ಸಮ ಆಯಿತು, ಚಕ್ರ ನೆಲಕ್ಕೆ ಬಡಿದು ಮುರಿಯಿತು. ವಿಮಾನ ಕೆಂಪುಕಲ್ಲಿನ ಕೋರೆಯ ಬಾಯಿಗೆ ಹತ್ತು ಮಾರು ದೂರದಲ್ಲಿ ಬಂದು ನಿಂತಿತು. ಕೊನೆಯ ಎರಡು ಸೆಕೆಂಡು ಚಿತ್ರವೇ ಇಲ್ಲ, ಬರೀ ಅವನ ತಾಯಿಯ ಕೂಗು ಕೇಳುತ್ತದೆ.

ಆ ಹನ್ನೊಂದು ಸೆಕೆಂಡನ್ನು ಕತ್ತರಿಸಿದವರು ಯಾರು ಅಂತ ನನಗೆ ಬೇಡ. ಕತ್ತರಿಸಿದ್ದನ್ನು ಹಂಚಿದವರಲ್ಲಿ ನಾನೂ ಒಬ್ಬ. ನನ್ನ ಜಗಳ ಇರುವುದು ನಮ್ಮೆಲ್ಲರ ಆ ಅಭ್ಯಾಸದ ಜೊತೆ. ಮನೆಯಲ್ಲಿ ಕಟ್ಟಿದ ವಿಮಾನ ಮೇಲೆ ಹೋಯಿತಾ ಅಂತ ಮಾತ್ರ ಕೇಳುತ್ತೇವೆ. ಮೇಲೆ ಹೋಗುವಾಗ ಇಂಜಿನ್ ಕೈಕೊಟ್ಟರೆ ಏನು ಅಂತ ಒಬ್ಬರೂ ಕೇಳುವುದಿಲ್ಲ. ಅದನ್ನು ಕೇಳದೆ ತಟ್ಟುವ ಚಪ್ಪಾಳೆ ಪ್ರೋತ್ಸಾಹ ಅಲ್ಲ ಮಾರಾಯ್ರೆ, ಹಿಂದಿನಿಂದ ದೂಡುವುದು.

ಅರೆಬರೆ ಓಡುವ ಇಂಜಿನ್

ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿಯವರು ಒಂದೇ ಇಂಜಿನ್ನಿನ ವಿಮಾನಗಳ ಲೆಕ್ಕ ತೆಗೆದಿದ್ದಾರೆ. 2000ದಿಂದ 2010ರವರೆಗೆ, ಟೇಕಾಫ್ ಆದ ಕೂಡಲೇ ಇಂಜಿನ್ ಪೂರ್ತಿ ನಿಂತುಹೋದ 75 ಪ್ರಕರಣಗಳು ಅವರಲ್ಲಿ ದಾಖಲಾಗಿದ್ದವು. ಅದರಲ್ಲಿ ಸಾವು ಆದದ್ದು ಒಂದರಲ್ಲೂ ಇಲ್ಲ. ಅದೇ ಅವಧಿಯಲ್ಲಿ ಇಂಜಿನ್ ಪೂರ್ತಿ ನಿಲ್ಲದೆ, ಶಕ್ತಿ ಮಾತ್ರ ಕಡಿಮೆಯಾದ ಪ್ರಕರಣಗಳು 242. ಅದರಲ್ಲಿ 9 ಪ್ರಾಣಾಂತಿಕ.

ನಾನು ಇದನ್ನು ಮೊದಲು ಓದಿದಾಗ ತಪ್ಪು ಅಚ್ಚಾಗಿದೆಯಾ ಅಂದುಕೊಂಡೆ. ಯೋಚಿಸಿದರೆ ಅರ್ಥ ಆಗ್ತದೆ. ಇಂಜಿನ್ ಪೂರ್ತಿ ನಿಂತರೆ ಪೈಲಟ್ಟಿಗೆ ಆಯ್ಕೆಯೇ ಇಲ್ಲ. ಮೂಗು ಕೆಳಗೆ ಮಾಡಿ ಎದುರಿಗೆ ಸಿಕ್ಕಿದಲ್ಲಿ ಇಳಿಸುತ್ತಾನೆ. ವಿಮಾನ ಹಾಳಾಗಬಹುದು, ಜನ ಉಳಿಯುತ್ತಾನೆ. ಇಂಜಿನ್ ಅರ್ಧ ಓಡುತ್ತಾ ಇದ್ದರೆ ಮಾತ್ರ ಆಸೆ ಬಿಡುವುದಿಲ್ಲ. "ಇನ್ನೊಂದು ಸ್ವಲ್ಪ ಎಳೆದರೆ ಸಾಕು, ತಿರುಗಿಸಿ ಹೊರಟಲ್ಲಿಗೇ ಇಳಿಸುವಾ" ಅನ್ನಿಸುತ್ತದೆ. ಅಲ್ಲಿಗೆ ಕೆಲಸ ಕೆಟ್ಟಿತು.

ಹಿಂದಕ್ಕೆ ತಿರುಗುವುದು ಯಾಕೆ ಕೊಲ್ಲುತ್ತದೆ ಅನ್ನುವುದು ಸರಳ ಲೆಕ್ಕ. ರೆಕ್ಕೆಗೆ ಒಂದು ಕನಿಷ್ಠ ವೇಗ ಬೇಕು. ಅದಕ್ಕಿಂತ ಕಡಿಮೆಯಾದರೆ ಎತ್ತುವ ಶಕ್ತಿ ಬಿಟ್ಟುಹೋಗುತ್ತದೆ. ಅದನ್ನು ಸ್ಟಾಲ್ ಅನ್ನುತ್ತಾರೆ (ಬೈಕ್ ಆಫ್ ಆಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ರೆಕ್ಕೆಯದ್ದು). ನೇರ ಹಾರುವಾಗ ಗಂಟೆಗೆ 60 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನವನ್ನು 45 ಡಿಗ್ರಿ ವಾಲಿಸಿ, ಎತ್ತರ ಕಳೆದುಕೊಳ್ಳದ ಹಾಗೆ ತಿರುಗಿಸಿದರೆ ಸುಮಾರು 71ಕ್ಕೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿಸಿದರೆ 85ಕ್ಕೆ. ಅಂದರೆ ಇಂಜಿನ್ ಬಲ ಇಲ್ಲದೆ ವೇಗ ಬೀಳುತ್ತಿರುವ ಹೊತ್ತಿಗೆ ಸರಿಯಾಗಿ, ಬೇಕಾದ ಕನಿಷ್ಠ ವೇಗ ಮೇಲೆ ಏರುತ್ತದೆ. ಎರಡೂ ಗೆರೆ ಒಂದಕ್ಕೊಂದು ಸೇರುವ ಜಾಗದಲ್ಲಿ ಒಂದು ರೆಕ್ಕೆ ಕುಸಿಯುತ್ತದೆ. ಸಾವಿರಾರು ಅಡಿ ಮೇಲೆ ಇದ್ದರೆ ಸುಧಾರಿಸಿಕೊಳ್ಳಬಹುದು. ಎರಡು ತೆಂಗಿನ ಮರದ ಎತ್ತರದಲ್ಲಿ ಇಲ್ಲ. ಮತ್ತೆ, ಹೊರಟ ದಾರಿಗೇ ಬರಲು 180 ಡಿಗ್ರಿ ತಿರುಗಿದರೆ ಸಾಕಾಗುವುದಿಲ್ಲ. ಅಷ್ಟು ತಿರುಗಿದರೆ ದಾರಿಯ ಪಕ್ಕಕ್ಕೆ ಬಂದಿರುತ್ತೀರಿ. ಅಲ್ಲಿಂದ ದಾರಿಗೆ ಸೇರಲು ಇನ್ನಷ್ಟು ತಿರುಗಬೇಕು.

ಈಗ ನಮ್ಮೂರನ್ನು ನೋಡಿ. "ಎದುರಿಗೆ ಸಿಕ್ಕಿದಲ್ಲಿ ಇಳಿಸು" ಅನ್ನಲು ಎದುರಿಗೆ ಏನಿದೆ? ನನ್ನ ಅಜ್ಜನ ಕಾಲದಲ್ಲಿ ಗುಡ್ಡೆಯ ಬುಡದಲ್ಲೆಲ್ಲ ಬೈಲು, ಬೈಲು ತುಂಬ ಗದ್ದೆ. ಆ ಗದ್ದೆಗಳೆಲ್ಲ ಅಡಿಕೆ ತೋಟ ಆಗಿ ಎಷ್ಟೋ ವರ್ಷ ಆಯಿತು. ಉಳಿದ ಗುಡ್ಡೆಗೆ ರಬ್ಬರ್ ಬಂತು. ಪದವಿನಲ್ಲಿ ಕಲ್ಲಿನ ಕೋರೆ. ನೆಲ್ಯಾಡಿಯಿಂದ ಕಡಬದವರೆಗೆ, ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯದವರೆಗೆ ಮೇಲಿನಿಂದ ನೋಡಿದರೆ ಹಸಿರು ಚಾಪೆ ಕಾಣುತ್ತದೆ. ಚೆಂದವೇ. ಆದರೆ ಆ ಚಾಪೆಯ ಪ್ರತಿ ಎಳೆಯೂ ಐವತ್ತು ಅರುವತ್ತು ಅಡಿ ಎತ್ತರದ ಕಂಬ.

ಟೇಕಾಫಿನಲ್ಲೇ ಯಾಕೆ ಕೈಕೊಡುತ್ತದೆ?

"ನೆಲದ ಮೇಲೆ ಒಂದು ಗಂಟೆ ಓಡಿಸಿದ್ದೆ ಮಾವ, ಎಂತ ತೊಂದರೆಯೂ ಇರ್ಲಿಲ್ಲ" ಅಂದ ಹುಡುಗ. ನಂಬುತ್ತೇನೆ. ಅಡಿಕೆಗೆ ಮದ್ದು ಬಿಡುವವರಿಗೆ ಇದು ಚೆನ್ನಾಗಿ ಗೊತ್ತು. ಸ್ಪ್ರೇಯರ್ ನಿಧಾನದಲ್ಲಿ ಚೆಂದ ಓಡ್ತಾ ಇರ್ತದೆ, ಪೂರ್ತಿ ಎಕ್ಸಲೇಟರ್ ಕೊಟ್ಟು ಲೋಡ್ ಬಿದ್ದ ಕೂಡಲೇ ಬಿಕ್ಕಳಿಸುತ್ತದೆ. ಕಾರಣ ಕಾರ್ಬುರೇಟರಿನ ಕಸವೋ, ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದ್ದೋ. ಸ್ಪ್ರೇಯರ್ ನಿಂತರೆ ನಾವು ಬೈದುಕೊಂಡು ಪ್ಲಗ್ ಬಿಚ್ಚುತ್ತೇವೆ, ಅಷ್ಟೆ.

ವಿಮಾನದ ಇಂಜಿನ್ ಅತಿ ಹೆಚ್ಚು ಪೆಟ್ರೋಲ್ ಕೇಳುವುದು, ಅತಿ ಹೆಚ್ಚು ಬಿಸಿಯಾಗುವುದು ಟೇಕಾಫಿನಲ್ಲಿ. ಅದೇ ಹೊತ್ತಿಗೆ ಮೂಗು ಮೇಲಾಗಿ ಟ್ಯಾಂಕು, ಪೈಪು, ಕಾರ್ಬುರೇಟರ್ ಎಲ್ಲದರ ಕೋನವೂ ಬದಲಾಗುತ್ತದೆ. ಹಾಗಾಗಿ ನೆಲದ ಮೇಲೆ ಅರ್ಧ ಎಕ್ಸಲೇಟರಿನಲ್ಲಿ ಎಷ್ಟು ಗಂಟೆ ಓಡಿಸಿದರೂ ಅದು ಪರೀಕ್ಷೆಯೇ ಅಲ್ಲ.

ನಾನೂ ಅವನೂ ಕೂತು ಒಂದು ಕೆಲಸ ಮಾಡಿದೆವು. ಮುರಿದ ವಿಮಾನದ ಮೂಗಿನ ಅಡಿಗೆ ಕಲ್ಲು ಇಟ್ಟು ಎತ್ತಿ, ಕಾರ್ಬುರೇಟರಿನ ಹತ್ತಿರ ಪೈಪು ಕಳಚಿ, ಪಂಪು ಓಡಿಸಿ, ಹಾಲಿನ ಅಳತೆ ಪಾತ್ರೆ ಹಿಡಿದೆವು. ಅಮೆರಿಕದ ವಿಮಾನ ನಿಯಮಗಳಲ್ಲಿ 2017ರವರೆಗೆ ಒಂದು ಲೆಕ್ಕ ಇತ್ತು: ಟೇಕಾಫಿಗೆ ಇಂಜಿನ್ ಕುಡಿಯುವ ಪೆಟ್ರೋಲಿನ ಒಂದೂಕಾಲು ಪಾಲು ಪಂಪಿನಿಂದ ಬರಬೇಕು, ಪಂಪಿಲ್ಲದೆ ಮೇಲಿನ ಟ್ಯಾಂಕಿನಿಂದ ಇಳಿದು ಬರುವುದಾದರೆ ಒಂದೂವರೆ ಪಾಲು. ಇವನ ಇಂಜಿನ್ ಪೂರ್ತಿ ಎಕ್ಸಲೇಟರಿನಲ್ಲಿ ನಿಮಿಷಕ್ಕೆ 300 ಮಿಲಿಲೀಟರ್ ಕುಡಿಯುತ್ತದೆ. ಅಂದರೆ 375 ಬರಬೇಕಿತ್ತು. ಬಂದದ್ದು 220. ಪೈಪಿನ ನಡುವೆ ಸ್ಪ್ರೇಯರಿನ ಸಣ್ಣ ಫಿಲ್ಟರ್ ಕೂತಿತ್ತು!

ಅಂದರೆ ಆ ವಿಮಾನ ಹೊರಡುವ ಮೊದಲೇ ಕೆಮ್ಮುವುದು ತೀರ್ಮಾನ ಆಗಿತ್ತು. ಕಾರ್ಬುರೇಟರಿನ ಬಟ್ಟಲಲ್ಲಿ ಇದ್ದದ್ದು ಖಾಲಿಯಾಗುವವರೆಗೆ ಮಾತ್ರ ಆ ಹತ್ತೊಂಬತ್ತು ಸೆಕೆಂಡು. ನಾವೆಲ್ಲ ಚಪ್ಪಾಳೆ ತಟ್ಟಿದ್ದು ಒಂದು ಬಟ್ಟಲು ಪೆಟ್ರೋಲಿಗೆ.

ಇದರ ಮೇಲೆ ಈಗಿನ ಪೆಟ್ರೋಲ್ ಬೇರೆ. ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ್ದು. ಸಣ್ಣ ವಿಮಾನಗಳಲ್ಲಿ ತುಂಬ ಬಳಕೆಯಲ್ಲಿರುವ ರೋಟಾಕ್ಸ್ 912 ಇಂಜಿನ್ನಿಗೆ ಕಂಪನಿ ಒಪ್ಪಿರುವುದು 10 ಶೇಕಡಾದವರೆಗೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್ನಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ನಮ್ಮ ಮಳೆಗಾಲದ ಗಾಳಿಯಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಇಟ್ಟ ಕ್ಯಾನಿನ ಕಥೆ ಹೇಳಬೇಕಾ? ಮತ್ತೆ ಹಳೇ ಟೂ-ಸ್ಟ್ರೋಕಿಗೆ ಜೆಟ್ ಬದಲಿಸದೆ ಇದನ್ನು ಹಾಕಿದರೆ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಬಿಸಿಯಾಗುತ್ತದೆ, ಪೂರ್ತಿ ಎಕ್ಸಲೇಟರಿನಲ್ಲಿ ಹಿಡಿದುಕೊಳ್ಳುವ ಅಪಾಯ ಇದೆ.

"ರೈಟ್ ಸಹೋದರರು ಯಾರ ಪರ್ಮಿಶನ್ ಕೇಳಿದ್ರು?"

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತು. ಕೇಳುವವರು ರೈಟ್ ಸಹೋದರರ ಬಗ್ಗೆ ಓದಿರುವುದಿಲ್ಲ, ಅದೇ ತಮಾಷೆ :-)

ಅವರು ಇಂಜಿನ್ ಕೂರಿಸಿದ್ದು ಕಟ್ಟಕಡೆಗೆ. 1901ರಲ್ಲಿ ತಮ್ಮ ಸೈಕಲ್ ಅಂಗಡಿಯಲ್ಲೇ ಗಾಳಿ ಸುರಂಗ ಮಾಡಿ ನೂರಾರು ರೆಕ್ಕೆಗಳ ಆಕಾರ ಪರೀಕ್ಷಿಸಿದರು. 1902ರಲ್ಲಿ ಇಂಜಿನ್ ಇಲ್ಲದ ಗ್ಲೈಡರಿನಲ್ಲಿ ನೂರಾರು ಸಲ ಜಾರಿ ಇಳಿದರು. ಅದಕ್ಕೆ ಆರಿಸಿಕೊಂಡದ್ದು ಗಾಳಿ ಜೋರಿರುವ, ಮೆತ್ತಗಿನ ಮರಳಿನ ಕಿಟ್ಟಿ ಹಾಕ್ ಊರನ್ನು. 1903ರ ಡಿಸೆಂಬರ್ 17ಕ್ಕೆ ಇಂಜಿನ್ ಹಾಕಿ ಹಾರಿದಾಗ, ಇಂಜಿನ್ ಇಲ್ಲದೆ ಇಳಿಯುವುದು ಅವರಿಗೆ ಊಟ ಮಾಡಿದಷ್ಟು ಅಭ್ಯಾಸ ಆಗಿತ್ತು. ಆ ದಿನದ ಅತಿ ಉದ್ದದ ಹಾರಾಟ 59 ಸೆಕೆಂಡು. ನಮ್ಮವರು ರೈಟ್ ಸಹೋದರರಿಂದ ಕಲಿತದ್ದು ಆ 59 ಸೆಕೆಂಡು ಮಾತ್ರ. ಅದರ ಹಿಂದಿನ ವರ್ಷಗಳನ್ನು ಯಾರೋ ಕತ್ತರಿಸಿಬಿಟ್ಟಿದ್ದಾರೆ, ನಮ್ಮ ವಿಡಿಯೋದ ಹಾಗೆಯೇ.

"ಹಾಗಾದರೆ ಹಳ್ಳಿಯವರು ವಿಮಾನ ಕಟ್ಟಲೇಬಾರದಾ?" ಕಟ್ಟಬೇಕು. ನನ್ನ ಹೊಟ್ಟೆಕಿಚ್ಚು ಅಂತ ದಯವಿಟ್ಟು ತಿಳಿಯಬೇಡಿ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. ಬೆಂಗಳೂರಿನ ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಅನ್ನುವ ಸಣ್ಣ ವಿಮಾನದ ಮೂಲ, ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿಯೇ ಮಾಡಿದ ಲಾಂಗ್-ಈಜೆಡ್ ವಿನ್ಯಾಸ. ಅದೇ ಸಂಸ್ಥೆಯ ಹಂಸ ವಿಮಾನ 1993ರಲ್ಲಿ ಮೊದಲು ಹಾರಿತು. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಮಾಡುವ ಎಕ್ಸ್-ಏರ್ ಕಿಟ್ಟುಗಳನ್ನು ಬ್ರಿಟನ್ನಿನ ಹವ್ಯಾಸಿಗಳು ತಮ್ಮ ಗ್ಯಾರೇಜಿನಲ್ಲಿ ಜೋಡಿಸಿ ಹಾರಿಸಿದ್ದಾರೆ. ಆದರೆ ಅಲ್ಲಿ ಹೀಗೆ ಜೋಡಿಸುವವನ ಕೆಲಸವನ್ನು ಸಂಘದ ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕಬೇಕು. ನಮ್ಮ ಬೆಂಗಳೂರಿನ ಕಿಟ್ಟಿಗೆ ಅಲ್ಲಿ ಎರಡನೇ ಜೋಡಿ ಕಣ್ಣು ಇದೆ, ನಮ್ಮ ಹುಡುಗನಿಗೆ ಇಲ್ಲಿ ಇಲ್ಲ.

ಕಾರ್ಖಾನೆಯವರೇ ಎಡವಿದ ದಾರಿ ಇದು ಅನ್ನುವುದನ್ನೂ ಮರೆಯಬಾರದು. ಎಚ್‌ಎಎಲ್ ಮಾಡಿದ ಎಚ್‌ಪಿಟಿ-32 ವಿಮಾನದಲ್ಲಿ ನಮ್ಮ ವಾಯುಪಡೆಯ ಎಷ್ಟೋ ಪೈಲಟ್ಟುಗಳು ಹಾರಲು ಕಲಿತರು. ಒಂದೇ ಪಿಸ್ಟನ್ ಇಂಜಿನ್. ಹಾರುತ್ತಿರುವಾಗ ಇಂಜಿನ್ ಕೈಕೊಡುವ ಕಾಯಿಲೆ ಅದನ್ನು ವರ್ಷಗಟ್ಟಲೆ ಕಾಡಿತು. 2009ರ ಜುಲೈಯಲ್ಲಿ ಇಬ್ಬರು ಪೈಲಟ್ಟುಗಳು ಸತ್ತ ಮೇಲೆ ಎಲ್ಲವನ್ನೂ ನೆಲಕ್ಕಿಳಿಸಿದರು. 2013ರಲ್ಲಿ ಅದರ ಜಾಗಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂತು. ಸಾವಿರಾರು ಇಂಜಿನಿಯರುಗಳಿದ್ದ ಸಂಸ್ಥೆಗೇ ಒಂದು ಪಿಸ್ಟನ್ ಇಂಜಿನ್ನು ಇಷ್ಟು ನೀರು ಕುಡಿಸಿದ್ದರೆ, ಕೊಟ್ಟಿಗೆಯ ಹಿಂದಿನ ಶೆಡ್ಡಿಗೆ ಎಷ್ಟು ಎಚ್ಚರ ಬೇಕು?

ಮನೆಯಲ್ಲಿ ಕಟ್ಟುವುದು ಕಾನೂನುಬದ್ಧವಾಗಿರುವ ಅಮೆರಿಕದ ಲೆಕ್ಕವನ್ನೂ ನೋಡಿ. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಕೊಟ್ಟ ವರದಿಯಂತೆ ಇಂಥ ವಿಮಾನಗಳು ಅಲ್ಲಿನ ಖಾಸಗಿ ಸಣ್ಣ ವಿಮಾನಗಳಲ್ಲಿ ಸುಮಾರು 10 ಶೇಕಡಾ. 2011ರ ಅಪಘಾತಗಳಲ್ಲಿ ಅವುಗಳ ಪಾಲು 15, ಪ್ರಾಣಾಂತಿಕ ಅಪಘಾತಗಳಲ್ಲಿ 21. ಮುಖ್ಯ ಕಾರಣಗಳಲ್ಲಿ ಒಂದು ಇಂಜಿನ್ ಕೈಕೊಡುವುದು. ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನದಲ್ಲಿ, 1988ರಿಂದ 2010ರವರೆಗೆ ಹವ್ಯಾಸಿಗಳು ಕಟ್ಟಿದ ವಿಮಾನಗಳ ಅಪಘಾತದ ಪ್ರಮಾಣ ಅದೇ ರೀತಿ ಹಾರುವ ಕಾರ್ಖಾನೆ ವಿಮಾನಗಳ ಮೂರು ಪಟ್ಟು. ಅರ್ಧಕ್ಕಿಂತ ಹೆಚ್ಚು ಅಪಘಾತಗಳು ಶುರುವಾದದ್ದು ಯಂತ್ರದ ತೊಂದರೆಯಿಂದ, ಅದರಲ್ಲೂ ಹೆಚ್ಚಿನದು ಇಂಜಿನ್. ಹೊಡೆದುಕೊಂಡ ಪೈಲಟ್ಟುಗಳು ಅನನುಭವಿಗಳೂ ಅಲ್ಲ. ಒಟ್ಟು ಅನುಭವ ಅವರಿಗೆ ಉಳಿದವರಿಗಿಂತ ಜಾಸ್ತಿ ಇತ್ತು, ಆ ಒಂದು ಬಗೆಯ ವಿಮಾನದ ಅನುಭವ ಮಾತ್ರ ಕಡಿಮೆ.

ಅಮೆರಿಕದ ಆ ವರದಿ ಕೇಳಿದ್ದರಲ್ಲಿ ಒಂದು, ಹಾರುವ ಮೊದಲು ಪೆಟ್ರೋಲ್ ವ್ಯವಸ್ಥೆಯ ಪರೀಕ್ಷೆ ಮಾಡಿ ಬರೆದಿಡಬೇಕು ಅನ್ನುವುದು. ನಾವು ಹಾಲಿನ ಪಾತ್ರೆ ಹಿಡಿದದ್ದು ಅದೇ ಪರೀಕ್ಷೆ, ಆದರೆ ಚಕ್ರ ಮುರಿದ ಮೇಲೆ.

ಸರ್ಕಾರಕ್ಕೆ ಎರಡು ಮಾತು

ಇಲ್ಲಿ ತಪ್ಪೆಲ್ಲ ಹುಡುಗನದ್ದೂ ಅಲ್ಲ, ನಮ್ಮದೂ ಅಲ್ಲ. ಪರವಾನಗಿ ಇಲ್ಲದೆ, ನೋಂದಣಿ ಇಲ್ಲದೆ ಹಾರಿದ್ದು ಕಾನೂನಿಗೆ ವಿರುದ್ಧ, ಅದರಲ್ಲಿ ಎರಡು ಮಾತಿಲ್ಲ. 1934ರ ವಿಮಾನ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಾಯ್ದೆಯ ಹೆಸರು ಬದಲಾಯಿತು, ದೆಹಲಿ ಮಾತ್ರ ಕಡಬಕ್ಕೆ ಹತ್ತಿರ ಆಗಲಿಲ್ಲ. ಮುಂಬೈಯ ಅಮೋಲ್ ಯಾದವ್ ಸ್ವತಃ ವಿಮಾನ ಕಂಪನಿಯ ಪೈಲಟ್ ಆಗಿದ್ದವರು. ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದವರು. 2016ರ ಮೇಕ್ ಇನ್ ಇಂಡಿಯಾ ಸಪ್ತಾಹದಲ್ಲಿ ಅದನ್ನು ದೇಶಕ್ಕೇ ತೋರಿಸಿದರೂ ನೋಂದಣಿ ಪತ್ರ ಕೈಗೆ ಬಂದದ್ದು 2017ರ ನವೆಂಬರಿನಲ್ಲಿ, ಅದೂ ಮುಖ್ಯಮಂತ್ರಿಯ ಮಟ್ಟದಲ್ಲಿ ಮಾತಾದ ಮೇಲೆ. ಪೈಲಟ್ಟಿಗೇ ಹೀಗಾದರೆ ಅಡಿಕೆ ಸುಲಿಯುವವನು ಯಾವ ಬಾಗಿಲು ತಟ್ಟಬೇಕು?

ಬಾಗಿಲು ಇಷ್ಟು ಗಟ್ಟಿಯಾಗಿ ಮುಚ್ಚಿದ್ದರೆ ಜನ ಕನಸು ಬಿಡುವುದಿಲ್ಲ, ಕದ್ದು ಹಾರುತ್ತಾರೆ. ಕದ್ದು ಹಾರುವವನು ಯಾರನ್ನೂ ಕರೆದು "ಸ್ವಲ್ಪ ನೋಡಿ" ಅನ್ನಲಾರ. ಅಮೆರಿಕದಲ್ಲಿ 1953ರಲ್ಲಿ ಶುರುವಾದ ಹವ್ಯಾಸಿಗಳ ಸಂಘದಲ್ಲಿ ಅನುಭವಸ್ಥರು ಶೆಡ್ಡಿಗೇ ಬಂದು ಪುಕ್ಕಟೆ ನೋಡಿಹೋಗುವ ವ್ಯವಸ್ಥೆ ಇದೆ. ಹೊಸದಾಗಿ ಕಟ್ಟಿದ ವಿಮಾನ ಸಾಮಾನ್ಯವಾಗಿ 25ರಿಂದ 40 ಗಂಟೆ ಜನವಸತಿ ಇಲ್ಲದ ಕಡೆ ಪರೀಕ್ಷಾ ಹಾರಾಟ ಮುಗಿಸಬೇಕು, ಅಲ್ಲಿಯವರೆಗೆ ಪ್ರಯಾಣಿಕರನ್ನು ಕೂರಿಸುವ ಹಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಾ? ನಿವೃತ್ತ ವಾಯುಪಡೆಯವರು, ಎಚ್‌ಎಎಲ್‌ನವರು ಊರೂರಲ್ಲಿ ಇದ್ದಾರೆ. ಅವರಿಗೆ ನೋಡಿ ಸಹಿ ಹಾಕುವ ಅಧಿಕಾರ ಕೊಡಿ, ಹಾರಲು ಒಂದು ಜಾಗ ಗುರುತಿಸಿ. ಅದು ಬಿಟ್ಟು, ಹಾರಿದರೆ ಸನ್ಮಾನ, ಬಿದ್ದರೆ ಕೇಸು ಅನ್ನುವುದು ಯಾವ ನ್ಯಾಯ?

ಇನ್ನು ನಮ್ಮ ಪಾಲು. ಇನ್ನು ಮುಂದೆ ಯಾರದ್ದೇ ಮನೆಯ ವಿಮಾನದ ಬಗ್ಗೆ ಬರೆಯುವಾಗ ನಾನು ನಾಲ್ಕು ಪ್ರಶ್ನೆ ಕೇಳಿಯೇ ಬರೆಯುತ್ತೇನೆ. ಮೂಗು ಎತ್ತಿಟ್ಟು ಪೆಟ್ರೋಲ್ ಅಳೆದಿದ್ದೀರಾ? ಇಂಜಿನ್ ಇಲ್ಲದೆ ಇಳಿಸುವುದನ್ನು ಯಾರಾದರೂ ಗುರುಗಳ ಹತ್ತಿರ ಕಲಿತಿದ್ದೀರಾ? ಸ್ವರ ಇಳಿದರೆ ತಿರುಗದೆ ಎದುರಿಗೇ ಇಳಿಸಲು ಜಾಗ ಎಲ್ಲಿ, ತೋರಿಸಿ? ನಿಮ್ಮನ್ನು ಬಿಟ್ಟು ಇನ್ನೊಬ್ಬ ಬಲ್ಲವರು ಇದನ್ನು ನೋಡಿದ್ದಾರಾ? ನಾಲ್ಕಕ್ಕೂ ಉತ್ತರ ಇದ್ದರೆ ಇಡೀ ಬ್ಲಾಗು ಅವರಿಗೇ ಬಿಟ್ಟುಕೊಡುತ್ತೇನೆ. ಇಲ್ಲದಿದ್ದರೆ ಫೋಟೋ ಕೂಡ ಹಾಕುವುದಿಲ್ಲ. ನೀವೂ ಹಾಗೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಹಿಟ್ಸ್ ಎಷ್ಟಾದರೂ ಆಗಲಿ, ಕೋರೆಯ ಬಾಯಿಯವರೆಗೆ ಹೋದವರು ನಾವಲ್ಲ.

ಮೊನ್ನೆ ಹುಡುಗನಿಗೆ ಹೇಳಿದೆ, "ಇನ್ನು ಇದನ್ನು ಪದವಿಗೆ ತರಬೇಡ. ಮೊದಲು ಎಲ್ಲಿಯಾದರೂ ಸರಿಯಾಗಿ ಹಾರಲು ಕಲಿ. ಖರ್ಚಿಗೆ ನಾವು ಒಂದಿಷ್ಟು ಜನ ಸೇರಿ ಏನಾದರೂ ಮಾಡುವಾ." ಅವನು ಮುರಿದ ಚಕ್ರದ ಕಡ್ಡಿ ಬಿಚ್ಚುತ್ತಾ ಇದ್ದ. ತಲೆ ಎತ್ತದೆ ಹೇಳಿದ, "ಅಲ್ಲ ಮಾವ, ನಮ್ಮೂರಿಗೆ ಕೀರ್ತಿ ತಂದವನು ಅಂತ ಬರ್ದದ್ದು ನೀವೇ ಅಲ್ವಾ?"

ಉತ್ತರ ಬರಲಿಲ್ಲ ನನಗೆ. ಮನೆಗೆ ಬಂದು ಆ ಬರಹ ಅಳಿಸಿದೆ. ಅಳಿಸಿದರೆ ಮಾತ್ರ ಸಾಲದು ಅನ್ನಿಸಿ ಇದನ್ನು ಬರೆದೆ. ಅವನು ಇನ್ನೂ ಹೂಂ ಅಂದಿಲ್ಲ. ಚಕ್ರ ಮಾತ್ರ ರೆಡಿಯಾಗಿದೆಯಂತೆ.